ಇಳಿಯಬೇಕಾದರೆ ಕೆಳಗೆ ನೂಕಬೇಡಿ

ಕ್ವಿಜ್ ಪುಸ್ತಕಗಳಲ್ಲಿ ವ್ಯಾಲೆಂಟಿನಾ ತೆರೆಶ್ಕೋವಾ ಅವರಿಗೆ ಸಿಗುವುದು ಒಂದೇ ಸಾಲು. ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ, 1963. ಅಷ್ಟೇ, ಮುಂದಿನ ಪ್ರಶ್ನೆ. ನನಗೆ ಇದು ಸರಿ ಅನಿಸುವುದಿಲ್ಲ. ಅವರ ಹಾರಾಟದ ಸ್ವಾರಸ್ಯ ಇರುವುದು ನೌಕೆ ತಿರುಗಿದ್ದ ದಿಕ್ಕಿನಲ್ಲಿ.

ತೆರೆಶ್ಕೋವಾ ಹುಟ್ಟಿದ್ದು 1937ರಲ್ಲಿ, ರಷ್ಯಾದ ಯಾರೊಸ್ಲಾವ್ಲ್ ಬಳಿಯ ಹಳ್ಳಿಯಲ್ಲಿ. ಟ್ರ್ಯಾಕ್ಟರ್ ಓಡಿಸುತ್ತಿದ್ದ ತಂದೆ ಫಿನ್ಲೆಂಡ್ ಯುದ್ಧದಲ್ಲಿ ಸತ್ತರು. ಮಗಳು ಮೊದಲು ಟಯರ್ ಕಾರ್ಖಾನೆಗೆ, ಆಮೇಲೆ ಬಟ್ಟೆ ಗಿರಣಿಗೆ ಸೇರಿದರು. ರಜೆ ಸಿಕ್ಕರೆ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ಹುಚ್ಚು.

ಆ ಹುಚ್ಚೇ ಕೆಲಸಕ್ಕೆ ಬಂತು. ಅವರು ಹೋಗಬೇಕಿದ್ದ ಸೋವಿಯತ್ ಬಾಹ್ಯಾಕಾಶ ನೌಕೆ ವೊಸ್ತೋಕ್‌ಗೆ ಮೆತ್ತಗೆ ನೆಲಕ್ಕಿಳಿಯಲು ಬರುತ್ತಿರಲಿಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಒಳಗಿದ್ದವರು ಕುರ್ಚಿ ಸಮೇತ ಹೊರಗೆ ಚಿಮ್ಮಿ, ಪ್ಯಾರಾಚೂಟಿನಲ್ಲಿ ಇಳಿಯಬೇಕಿತ್ತು. ಗಗಾರಿನ್ ಕೂಡ ಹಾಗೇ ಇಳಿದದ್ದು. ಆದರೆ ಹಾರಾಟದ ವಿಶ್ವದಾಖಲೆಗೆ ಆಗಿದ್ದ ನಿಯಮದ ಪ್ರಕಾರ ನೌಕೆಯೊಳಗೆ ಕೂತೇ ಇಳಿಯಬೇಕು. ಹಾಗಾಗಿ ಸೋವಿಯತ್ ಸರ್ಕಾರ ಈ ವಿಷಯವನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು! ಗುಟ್ಟು ಅಂದ್ರೆ ಅವರಿಗೆ ಅಷ್ಟು ಪ್ರೀತಿ. ತೆರೆಶ್ಕೋವಾ ಕೂಡ ಮನೆಯಲ್ಲಿ ಪ್ಯಾರಾಚೂಟ್ ಸ್ಪರ್ಧೆಗೆ ಹೋಗುತ್ತೇನೆಂದು ಹೇಳಿಯೇ ಹೊರಟಿದ್ದರು.

ಜೂನ್ 16ರಂದು ವೊಸ್ತೋಕ್-6 ಮೇಲೇರಿತು. ರೇಡಿಯೋದಲ್ಲಿ ಅವರ ಹೆಸರು ‘ಚೈಕಾ’, ಅಂದರೆ ಕಡಲಹಕ್ಕಿ. ಸ್ವಲ್ಪ ಹೊತ್ತಿನಲ್ಲೇ ಅವರಿಗೆ ಏನೋ ಎಡವಟ್ಟು ಕಂಡಿತು. ಇಳಿಯಲು ಬ್ರೇಕ್ ಎಂಜಿನ್ ಉರಿಯುವ ಹೊತ್ತಿಗೆ ನೌಕೆ ತಿರುಗಿರಬೇಕಾದ ದಿಕ್ಕೇ ಉಲ್ಟಾ ಹೊಂದಿಸಲಾಗಿತ್ತು.

ಉಲ್ಟಾ ಆದರೆ ಏನಾಗುತ್ತೆ? ಇಲ್ಲೇ ಬಹಳ ಜನ ಎಡವುವುದು. ಮೇಲೆ ಗುರುತ್ವವೇ ಇಲ್ಲ, ಕೆಳಕ್ಕೆ ನೂಕಿದರೆ ಇಳಿಯಬಹುದು ಅಂದುಕೊಳ್ಳುತ್ತಾರೆ. ಎರಡೂ ತಪ್ಪು. 200 ಕಿಲೋಮೀಟರ್ ಎತ್ತರದಲ್ಲಿ ಗುರುತ್ವ ಕಡಿಮೆಯಾಗುವುದು ಶೇಕಡಾ 6ರಷ್ಟು ಮಾತ್ರ. ಗುಡ್ಡದ ಮೇಲಿಂದ ಕಲ್ಲೆಸೆಯಿರಿ. ಜೋರಾಗಿ ಎಸೆದಷ್ಟೂ ದೂರ ಬೀಳುತ್ತದೆ. ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗ ಸಿಕ್ಕರೆ, ಕಲ್ಲು ಬೀಳುತ್ತಲೇ ಇರುತ್ತದೆ, ನೆಲವೂ ಅಷ್ಟಷ್ಟೇ ಬಾಗಿ ಜಾರಿಕೊಳ್ಳುತ್ತಿರುತ್ತದೆ. ಕಕ್ಷೆ ಅಂದರೆ ಇಷ್ಟೇ.

ಜಾತ್ರೆಯಲ್ಲಿ ಮರದ ಹಲಗೆಯ ಬಾವಿಯೊಳಗೆ ಬೈಕ್ ಓಡಿಸುವವನನ್ನು ನೋಡಿದ್ದೀರಲ್ವಾ? ಇಳಿಯಬೇಕೆಂದರೆ ಅವನು ವೇಗ ಕಡಿಮೆ ಮಾಡುತ್ತಾನೆ. ಆಕ್ಸಿಲರೇಟರ್ ಕೊಟ್ಟರೆ ಗೋಡೆಯ ಮೇಲೇರುತ್ತಾನೆ. ಹೋಲಿಕೆ ಪೂರ್ತಿ ಸರಿಯಲ್ಲ, ಆಕಾಶದಲ್ಲಿ ಗೋಡೆ ಇಲ್ಲ. ಆದರೆ ನೌಕೆಯೂ ಹೀಗೇ. ಸಾಗುತ್ತಿರುವ ದಿಕ್ಕಿಗೇ ಬೆಂಕಿ ಉಗುಳಿ ಶೇಕಡಾ 2ರಷ್ಟು ವೇಗ ತಗ್ಗಿಸಿದರೆ ಸಾಕು, ದಾರಿ ಬಗ್ಗಿ ಗಾಳಿಗೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಉಗುಳಿದರೆ ವೇಗ ಜಾಸ್ತಿಯಾಗಿ ಕಕ್ಷೆ ಇನ್ನೂ ಎತ್ತರಕ್ಕೆ ಹೋಗುತ್ತದೆ. ಬ್ರೇಕ್ ಕೈಕೊಟ್ಟರೂ ತೆಳು ಗಾಳಿಯ ಉಜ್ಜಾಟಕ್ಕೆ ಸುಮಾರು ಹತ್ತು ದಿನದಲ್ಲಿ ನೌಕೆ ತಾನಾಗಿ ಇಳಿಯಲಿ ಎಂದು ವೊಸ್ತೋಕನ್ನು ತಗ್ಗಿನಲ್ಲಿ ಹಾರಿಸುತ್ತಿದ್ದರು. ಎತ್ತರಕ್ಕೆ ಹೋಗಿದ್ದರೆ ಆ ಭರವಸೆಯೂ ಇಲ್ಲ.

ಅವರು ಭೂಮಿಗೆ ವರದಿ ಮಾಡಿದರು. ಹೊಸ ಲೆಕ್ಕ ಬಂತು, ದಿಕ್ಕು ಸರಿಯಾಯಿತು. ಇದನ್ನು ಯಾರಿಗೂ ಹೇಳಬೇಡ ಎಂದು ಮುಖ್ಯ ವಿನ್ಯಾಸಕಾರ ಕೊರೊಲ್ಯೋವ್ ಕೇಳಿಕೊಂಡರಂತೆ. ತೆರೆಶ್ಕೋವಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯಿ ಬಿಡಲಿಲ್ಲ. ಅಷ್ಟೂ ಕಾಲ ‘ಹೆಂಗಸು, ಮೇಲೆ ಹೋಗಿ ಗಾಬರಿಯಾದಳು’ ಎಂಬ ಗುಸುಗುಸು ಓಡಾಡುತ್ತಲೇ ಇತ್ತು. 48 ಸುತ್ತು, 70 ಗಂಟೆ 50 ನಿಮಿಷ. ಅಮೆರಿಕ ಮನುಷ್ಯರನ್ನು ಮೇಲೆ ಕಳಿಸಿದ ಮೊದಲ ಯೋಜನೆ ಮರ್ಕ್ಯುರಿ, ಅದರ ಯಾತ್ರಿಗಳೆಲ್ಲರ ಹಾರಾಟ ಒಟ್ಟು ಸೇರಿಸಿದರೂ ಇಷ್ಟಾಗುವುದಿಲ್ಲ. ಇದು ಗಾಬರಿಯೇ?

ಇನ್ನೊಬ್ಬ ಮಹಿಳೆ ಸ್ವೆತ್ಲಾನಾ ಸವಿತ್ಸ್ಕಾಯಾ ಹೋಗಲು 19 ವರ್ಷ ಬೇಕಾಯಿತು. ಒಬ್ಬರೇ ಕೂತು ಕಕ್ಷೆ ಸುತ್ತಿದ ಮಹಿಳೆ ಈಗಲೂ ತೆರೆಶ್ಕೋವಾ ಒಬ್ಬರೇ. ಮುಂದೆ ಅವರು ರಾಜಕೀಯಕ್ಕೆ ಹೋದರು. ಪುಟಿನ್ ಮತ್ತೆ ಚುನಾವಣೆಗೆ ನಿಲ್ಲಲು ದಾರಿ ಮಾಡಿಕೊಟ್ಟ 2020ರ ಸಂವಿಧಾನ ತಿದ್ದುಪಡಿ ಮಂಡಿಸಿದ್ದೂ ಅವರೇ. ಅದು ನನಗೆ ಇಷ್ಟವಿಲ್ಲ. ದಿಕ್ಕು ಕಂಡುಹಿಡಿದದ್ದು ಅದರಿಂದ ಸುಳ್ಳಾಗುವುದೂ ಇಲ್ಲ.

ಜೂನ್ 19ರಂದು ಅಲ್ತಾಯ್ ಪ್ರದೇಶದ ಹೊಲವೊಂದರಲ್ಲಿ, ಮೂಗಿಗೆ ಪೆಟ್ಟು ಮಾಡಿಕೊಂಡು ಇಳಿದರು. ಹಳ್ಳಿಯವರು ಓಡಿ ಬಂದು ಊಟ ಕೊಟ್ಟರು. ಇವರು ತಮ್ಮ ಬಳಿ ಉಳಿದಿದ್ದ ಬಾಹ್ಯಾಕಾಶದ ಊಟವನ್ನು ಅವರಿಗೆ ಹಂಚಿಬಿಟ್ಟರು. ಮೇಲೆ ಇವರು ಎಷ್ಟು ತಿಂದಿದ್ದರು ಎಂಬ ಲೆಕ್ಕ ಡಾಕ್ಟರುಗಳಿಗೆ ಸಿಗಲೇ ಇಲ್ಲ.