ಅದು ಹಮ್ಮಿಂಗ್ ಬರ್ಡ್ ಅಲ್ಲ, ಸೂರಕ್ಕಿ

ಪ್ರಶ್ನೆ: ಮುತ್ತುಗ ಹೂ ಬಿಟ್ಟಿದೆ. ಹಮ್ಮಿಂಗ್ ಬರ್ಡ್ ಫೋಟೊ ತೆಗೆಯೋಕೆ ಮೈಸೂರಲ್ಲಿ ಎಲ್ಲಿಗೆ ಹೋಗಬೇಕು? ಶಟರ್ ಎಷ್ಟಿಡಬೇಕು?

ಎಲ್ಲಿಗೆ ಹೋದರೂ ಸಿಗುವುದಿಲ್ಲ. ಶಿವರಾತ್ರಿ ಬಂತೆಂದರೆ ಈ ಪ್ರಶ್ನೆಯೂ ಬಂತು. ಹಮ್ಮಿಂಗ್ ಬರ್ಡ್‌ಗಳಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ, ಅಷ್ಟೂ ಅಮೆರಿಕ ಖಂಡಗಳವು. ನಮ್ಮಲ್ಲಿ ಒಂದೂ ಇಲ್ಲ. ನೀವು ನೋಡಿದ್ದು ಸೂರಕ್ಕಿ, ಅಂದರೆ ಸನ್‌ಬರ್ಡ್.

‘ದಾಸವಾಳದ ಮುಂದೆ ಗಾಳಿಯಲ್ಲೇ ನಿಂತಿತ್ತಲ್ಲ ಸಾರ್?’ ನಿಂತಿರಬಹುದು. ಸೂರಕ್ಕಿಗೂ ಅದು ಬರುತ್ತದೆ, ಆದರೆ ಒಂದೆರಡು ಕ್ಷಣ. ಆಮೇಲೆ ತೊಟ್ಟನ್ನೋ ಕಡ್ಡಿಯನ್ನೋ ಹಿಡಿದು ಕೂರಲೇಬೇಕು. ಹಮ್ಮಿಂಗ್ ಬರ್ಡ್‌ನ ಹತ್ತಿರದ ಬಳಗ ಬಾನಾಡಿಗಳು, ಅಂದರೆ ಸ್ವಿಫ್ಟ್ ಹಕ್ಕಿಗಳು. ಸೂರಕ್ಕಿ ಗುಬ್ಬಚ್ಚಿಯ ಕಡೆಯದು. ಇಬ್ಬರದೂ ಮಕರಂದ ಹೀರುವ ಕಸುಬು, ಅದಕ್ಕೇ ಕೊಕ್ಕು ಒಂದೇ ಥರ. ನಂಟಸ್ತಿಕೆ ಏನೂ ಇಲ್ಲ. ಇನ್ನು ಮುಸ್ಸಂಜೆ ಹೂವಿನ ಮುಂದೆ ಬಹಳ ಹೊತ್ತು ತೇಲುತ್ತಿತ್ತು ಎನ್ನುವವರು ಫೋಟೊ ದೊಡ್ಡದು ಮಾಡಿ ನೋಡಿ. ತಲೆಯ ಮೇಲೆ ಎರಡು ಮೀಸೆ ಕಂಡರೆ ಅದು ಹಕ್ಕಿಯೇ ಅಲ್ಲ, ಪತಂಗ.

ಹೆಸರಿನಲ್ಲೇನಿದೆ ಎನ್ನಬೇಡಿ, ಫೋಟೊ ಕೆಡುವುದೇ ಇಲ್ಲಿ. ಹಮ್ಮಿಂಗ್ ಬರ್ಡ್ ಅಂದುಕೊಂಡವರು ಹೂವಿನ ಬಾಯಿಗೆ ಫೋಕಸ್ ಇಟ್ಟು ಕಾಯುತ್ತಾರೆ. ದಾಸವಾಳದಲ್ಲಿ ಸೂರಕ್ಕಿ ಎಷ್ಟೋ ಸಲ ಬಾಯಿಯ ಕಡೆ ಬರುವುದೇ ಇಲ್ಲ. ತೊಟ್ಟಿನ ಮೇಲೆ ಕೂತು, ಹೂವಿನ ಬುಡಕ್ಕೆ ಪಕ್ಕದಿಂದ ಕೊಕ್ಕು ಚುಚ್ಚಿ, ಪರಾಗ ಮುಟ್ಟದೆ ಮಕರಂದ ಕದ್ದು ಹೋಗುತ್ತದೆ. ಬುಡದಲ್ಲಿ ಸಣ್ಣ ಸೀಳಿರುವ ಹೂ ಕಂಡರೆ ಅಲ್ಲಿಗೆ ಗಿರಾಕಿ ಬಂದು ಹೋಗಿದೆ ಎಂದರ್ಥ. ಪಕ್ಕದ ಹೂವಿನ ತೊಟ್ಟಿಗೆ ಫೋಕಸ್ ಇಡಿ.

ಜಾಗ? ಮುತ್ತುಗವೇ ಬೇಕೆಂದಿಲ್ಲ. ಕುವೆಂಪುನಗರದ ಕಾಂಪೌಂಡಿನ ದಾಸವಾಳವೂ ಆಗುತ್ತದೆ, ಮಂಡ್ಯ ಕಡೆ ಬದುವಿನ ಹಳೇ ಮಾವಿನ ಮರಕ್ಕೆ ಹತ್ತಿದ ಬದನಿಕೆ ಅದಕ್ಕಿಂತ ಚೆನ್ನ. ಹಕ್ಕಿಯ ಹಿಂದೆ ಓಡಬೇಡಿ. ಬರಿದಾದ ಹೂವಿನಲ್ಲಿ ಮಕರಂದ ಮತ್ತೆ ತುಂಬಿದಾಗ ಅದೇ ಬರುತ್ತದೆ.

ಬೆಳಿಗ್ಗೆ ಒಂಬತ್ತರೊಳಗೆ, ಸೂರ್ಯ ನಿಮ್ಮ ಬೆನ್ನಿಗಿರಲಿ. ಗಂಡು ಪರ್ಪಲ್ ಸನ್‌ಬರ್ಡ್‌ನ ಹೊಳಪು ಬಣ್ಣದ್ದಲ್ಲ, ಗರಿಯ ರಚನೆಯಿಂದ ಬೆಳಕು ಚಿಮ್ಮುವುದರದ್ದು. ಎದುರು ಬೆಳಕಿನಲ್ಲಿ ಇದ್ದಿಲ ತುಂಡು. 300 ಎಂಎಂ ಲೆನ್ಸು, ಅಪರ್ಚರ್ ಎಫ್ 6.3, ಶಟರ್ ಕೂತ ಹಕ್ಕಿಗೆ 1/1000 ಸೆಕೆಂಡ್, ರೆಕ್ಕೆ ಬಡಿಯುವಾಗ 1/3200. ಐಎಸ್ಒ ಆಟೋ ಬಿಡಿ, ಮಿತಿ 3200. ಮುತ್ತುಗದ ಕೇಸರಿ ಬಿಸಿಲಲ್ಲಿ ಎಸಳಿನ ಗೆರೆಯೇ ಕಾಣದಂತೆ ಬಳಿದುಕೊಳ್ಳುತ್ತದೆ; ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ. ಆಕಾಶ ಹಿನ್ನೆಲೆಯಾದರೆ ಉಲ್ಟಾ, ಒಂದು ಸ್ಟಾಪ್ ಏರಿಸಿ.

ಅಂದಹಾಗೆ, ಯಾರೂ ಕೇಳಿಲ್ಲ, ಆದರೆ ಬೀದಿಗೊಬ್ಬರಿಗೆ ಈ ಕಾಟವಿದೆ: ಬೈಕಿನ ಕನ್ನಡಿ ಕುಕ್ಕುವ ಸೂರಕ್ಕಿ. ಅದು ಅಂದ ನೋಡಿಕೊಳ್ಳುತ್ತಿಲ್ಲ. ಗೂಡು ಕಟ್ಟುವ ಕಾಲದಲ್ಲಿ ತನ್ನ ಪ್ರತಿಬಿಂಬವನ್ನೇ ಎದುರಾಳಿ ಎಂದುಕೊಂಡು ಕಾದಾಡುತ್ತದೆ. ಓಡಿಸಿದರೆ ಐದು ನಿಮಿಷಕ್ಕೆ ಹಾಜರ್. ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿ. ಗಾಡಿ ಹೊರಡಿಸುವ ಮೊದಲು ತೆಗೆಯಲು ಮರೆಯಬೇಡಿ.