ಮಗುವಿನ ಹೊಟ್ಟೆಯಲ್ಲಿ ನೀರುಗುಳ್ಳೆ: ಅಲ್ಟ್ರಾಸೌಂಡ್‌ನಲ್ಲಿ ಏನನ್ನು ನೋಡಬೇಕು?

ಸೇಡಂ, ಜೇವರ್ಗಿ, ಶಹಾಪುರಗಳ ಕಡೆಯಿಂದ ಕಲಬುರಗಿಗೆ ಸ್ಕ್ಯಾನಿಂಗ್‌ಗಾಗಿ ಕೂಸನ್ನು ಎತ್ತಿಕೊಂಡು ಬರುವ ತಾಯಂದಿರು ಸಾಮಾನ್ಯವಾಗಿ ಹೇಳುವ ಮಾತಿದು: "ಹೊಟ್ಟಿ ದೊಡ್ಡದಾಗ್ಯಾದ್ರಿ, ಹುಳಾ ಇರಬೇಕಂತ ಔಷಧ ಹಾಕಿದ್ವಿ." ಹೆಚ್ಚಿನ ಮಕ್ಕಳಲ್ಲಿ ಗಾಬರಿಪಡುವಂಥದ್ದೇನೂ ಇರುವುದಿಲ್ಲ. ಅಪರೂಪಕ್ಕೆ ಮಾತ್ರ, ಮಗು ಆಡಿಕೊಂಡಿದ್ದರೂ ಹೊಟ್ಟೆ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ, ಒಳಗೆ ದ್ರವ ತುಂಬಿದ ಗುಳ್ಳೆಯೊಂದು ಬೆಳೆಯುತ್ತಿರಬಹುದು. ಅದಕ್ಕೆ ಮೊದಲು ಮಾಡಬೇಕಾದ ಪರೀಕ್ಷೆ ಅಲ್ಟ್ರಾಸೌಂಡ್. ಅದರಲ್ಲಿ ವಿಕಿರಣವಿಲ್ಲ, ಮಗುವಿಗೆ ಅರಿವಳಿಕೆ ಕೊಡಬೇಕಿಲ್ಲ. ಎಳೆಯ ಮಕ್ಕಳ ಹೊಟ್ಟೆಯ ಗೋಡೆ ತೆಳುವಾದ್ದರಿಂದ ಹೆಚ್ಚು ಆವರ್ತನದ ಪ್ರೋಬ್ (ಮೈಮೇಲಿಟ್ಟು ನೋಡುವ ಉಪಕರಣ) ಇಟ್ಟರೆ ಗುಳ್ಳೆಯ ಗೋಡೆಯ ಪದರಗಳೂ ಬಿಡಿಬಿಡಿಯಾಗಿ ಕಾಣುತ್ತವೆ.

ದ್ರವವು ಪರದೆಯ ಮೇಲೆ ಕಪ್ಪಾಗಿ ಕಾಣುವುದರಿಂದ ಅದು ಇದೆಯೆಂದು ಹೇಳುವುದು ಸುಲಭ. ಯಾವ ಅಂಗದಿಂದ ಬಂದದ್ದೆಂದು ಹೇಳುವುದೇ ಕಷ್ಟ. ಓಮೆಂಟಮ್ ಎಂಬ, ಕರುಳಿನ ಮುಂದೆ ಹೊದಿಕೆಯಂತಿರುವ ಕೊಬ್ಬಿನ ಪದರದಲ್ಲಿ ಹುಟ್ಟುವ ದೊಡ್ಡ ಗುಳ್ಳೆಯು ಇಡೀ ಹೊಟ್ಟೆಯನ್ನು ಆವರಿಸಿದಾಗ, ಅದನ್ನು ಹೊಟ್ಟೆಯಲ್ಲಿ ಸೇರಿದ ನೀರೆಂದು ಭಾವಿಸುವ ಸಂಭವ ಬಹಳ. ಹಾಗೆ ಭಾವಿಸಿದರೆ, ಆ ನೀರಿಗೆ ಕ್ಷಯವೇ ಕಾರಣವೆಂದುಕೊಂಡು ಮಗುವಿಗೆ ಕ್ಷಯದ ಔಷಧ ಶುರುವಾಗಿಬಿಡಬಹುದು. ಇಲ್ಲಿ ನಾನು ಮೊದಲು ನೋಡುವುದು ಕರುಳು ಎಲ್ಲಿದೆ ಎಂಬುದನ್ನು. ಬಿಡಿಯಾದ ನೀರಾಗಿದ್ದರೆ ಕರುಳಿನ ಸುರುಳಿಗಳು ಅದರ ನಡುವೆ ತೇಲುತ್ತವೆ, ನೀರು ಯಕೃತ್ತಿನ ಸುತ್ತಲೂ ಕಿಬ್ಬೊಟ್ಟೆಯ ತಳದಲ್ಲೂ ಸೇರಿರುತ್ತದೆ, ಮಗುವನ್ನು ಮಗ್ಗುಲಿಗೆ ಹೊರಳಿಸಿದರೆ ಅದೂ ಸರಿಯುತ್ತದೆ. ಗುಳ್ಳೆಯಾಗಿದ್ದರೆ ಕರುಳೆಲ್ಲ ಒತ್ತರಿಸಿಕೊಂಡು ಹಿಂದೆ, ಬೆನ್ನುಮೂಳೆಯ ಕಡೆಗೆ ಅಥವಾ ಒಂದು ಪಕ್ಕಕ್ಕೆ ಸರಿದಿರುತ್ತದೆ. ದ್ರವದೊಳಗೆ ಎಳೆಯಂಥ ತೆಳು ಪರದೆಗಳೂ ಇರಬಹುದು. ಮಗು ಅಳುತ್ತಿದ್ದರೆ ಇದೊಂದೂ ಸರಿಯಾಗಿ ಕಾಣದು. ಆದ್ದರಿಂದ ತಾಯಿಯ ತೊಡೆಯ ಮೇಲೆಯೇ ಮಲಗಿಸಿ, ಜೆಲ್ಲನ್ನು ಬೆಚ್ಚಗೆ ಮಾಡಿ ಹಚ್ಚಿ, ಸಾವಕಾಶವಾಗಿ ನೋಡಬೇಕು.

ಹುಟ್ಟಿನಿಂದಲೇ ಕರುಳಿನ ಇನ್ನೊಂದು ತುಂಡಿನಂತೆ ಕರುಳಿಗೆ ಅಂಟಿಕೊಂಡಿರುವ ಡುಪ್ಲಿಕೇಶನ್ ಗುಳ್ಳೆಯ ಗುರುತು ಅದರ ಗೋಡೆಯಲ್ಲೇ ಇರುತ್ತದೆ: ಒಳಗೆ ಬಿಳಿ ಗೆರೆ, ಹೊರಗೆ ಕಪ್ಪು ಗೆರೆ, ಥೇಟ್ ಕರುಳಿನ ಗೋಡೆಯಂತೆ. ಕೆಲವೊಮ್ಮೆ ನೋಡುತ್ತಿರುವಾಗಲೇ ಆ ಗೋಡೆ ಸಂಕುಚಿಸುತ್ತದೆ. ಆಗ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಯಕೃತ್ತಿನ ಕೆಳಗೆ, ಪಿತ್ತಕೋಶದಿಂದ ಬೇರೆಯಾಗಿ, ಪಿತ್ತನಾಳಕ್ಕೆ ಸೇರಿಕೊಂಡ ಗುಳ್ಳೆ ಕಂಡರೆ ಅದು ಕೊಲೆಡೋಕಲ್ ಗುಳ್ಳೆ. ಅದರ ಲಕ್ಷಣಗಳಾದ ಕಾಮಾಲೆ, ನೋವು, ಗಂಟು ಮೂರೂ ಒಟ್ಟಿಗಿರುವ ಮಕ್ಕಳು ಕಡಿಮೆಯಾದ್ದರಿಂದ ಅವಕ್ಕಾಗಿ ಕಾಯುವಂತಿಲ್ಲ. ನವಜಾತ ಹೆಣ್ಣುಮಗುವಿನ ಕಿಬ್ಬೊಟ್ಟೆಯ ಗುಳ್ಳೆ ಅಂಡಾಶಯದ್ದಿರಬಹುದು; ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ.

ಕುರಿ ಸಾಕುವ ಮನೆಗಳಿರುವ ನಮ್ಮ ಭಾಗದಲ್ಲಿ, ತುಸು ದೊಡ್ಡ ಮಕ್ಕಳ ಯಕೃತ್ತಿನಲ್ಲಿ ಗುಳ್ಳೆ ಕಂಡಾಗ ಮನೆಯಲ್ಲಿ ನಾಯಿ, ಕುರಿ ಇವೆಯೇ ಎಂದು ಕೇಳಲೇಬೇಕು. ನಾಯಿಯ ಮಲದ ಮೂಲಕ ಹರಡುವ ಹೈಡಾಟಿಡ್ ರೋಗದಲ್ಲಿ ದೊಡ್ಡ ಗುಳ್ಳೆಯೊಳಗೆ ಮರಿಗುಳ್ಳೆಗಳು, ಇಲ್ಲವೇ ಕಳಚಿ ತೇಲುವ ಪೊರೆ ಕಾಣಬಹುದು. ಏನೆಂದು ತಿಳಿಯದೆ ಅದಕ್ಕೆ ಸೂಜಿ ಹಾಕಿದರೆ ದ್ರವ ಸೋರಿ ತೀವ್ರ ಅಲರ್ಜಿಯಾಗಬಹುದು, ರೋಗ ಹೊಟ್ಟೆಯೆಲ್ಲ ಹರಡಬಹುದು.

ಆದ್ದರಿಂದ ವರದಿಯಲ್ಲಿ "ದ್ರವ ಇದೆ" ಎಂದಷ್ಟೇ ಬರೆದು ಕಳಿಸುವುದು ಮಗುವಿಗೆ ಅನ್ಯಾಯ. ಗುಳ್ಳೆಯ ಅಳತೆ, ಗೋಡೆ, ಒಳಪರದೆ, ಕರುಳು ಸರಿದಿರುವ ದಿಕ್ಕು, ಡಾಪ್ಲರ್‌ನಲ್ಲಿ ಕಂಡ ರಕ್ತ ಸಂಚಾರ, ಅದು ಯಾವ ಅಂಗದ್ದೆಂಬ ನಮ್ಮ ಊಹೆ ಇವೆಲ್ಲ ಅದರಲ್ಲಿರಬೇಕು. ತಂದೆ-ತಾಯಂದಿರು ಹಳೆಯ ಸ್ಕ್ಯಾನಿಂಗ್ ಚಿತ್ರಗಳನ್ನು, ಬಸುರಿನಲ್ಲಿ ಮಾಡಿಸಿದ್ದನ್ನೂ ಸೇರಿಸಿ, ಮಕ್ಕಳ ಶಸ್ತ್ರಚಿಕಿತ್ಸಕರ ಬಳಿಗೆ ತಪ್ಪದೆ ಒಯ್ಯಬೇಕು.