ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುವುದಿಲ್ಲವೇ?

ಓದುಗರ ಪ್ರಶ್ನೆ: ಮೇಡಂ, ನಾನು ಹಳ್ಳಿಯೊಂದರ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್. ಹದಿಹರೆಯದವರಿಗಾಗಿ ನಡೆಸುವ ಸ್ನೇಹ ಕ್ಲಿನಿಕ್ಕಿನ ಜವಾಬ್ದಾರಿ ನನಗೆ ವಹಿಸಿದ್ದಾರೆ. ಹೈಸ್ಕೂಲು, ಪಿಯು ಮಕ್ಕಳು ಬರುತ್ತಾರೆ. ಅವರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳಿಕೊಡುವ ತರಬೇತಿ ಎಲ್ಲಿ ಸಿಗುತ್ತದೆ? ಇನ್ನೊಂದು ಸಂಶಯ. ಸಾಯುವ ಯೋಚನೆ ಬಂದಿದೆಯಾ ಅಂತ ನಾವಾಗಿಯೇ ಕೇಳಿದರೆ, ಇಲ್ಲದ್ದನ್ನು ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ಮೊದಲ ಪ್ರಶ್ನೆಗೆ ಬೇಗ ಉತ್ತರ ಹೇಳಿಬಿಡುತ್ತೇನೆ. ಎರಡನೆಯದು ಹಾಗೆ ಹೇಳಿ ಬಿಡುವಂಥದ್ದಲ್ಲ. ನರ್ಸ್‌ಗಳಿರಲಿ, ಸಮುದಾಯ ಆರೋಗ್ಯಾಧಿಕಾರಿಗಳಿರಲಿ (ಸಿಎಚ್‌ಒ), ಆಪ್ತಸಮಾಲೋಚಕರಿರಲಿ, ಆಗಷ್ಟೇ ಎಂಬಿಬಿಎಸ್ ಮುಗಿಸಿ ಬಂದ ವೈದ್ಯರಿರಲಿ, ಯಾರ ಮುಂದೆ ಪಾಠಕ್ಕೆ ನಿಂತರೂ ಊಟದ ಬಿಡುವಿಗೆ ಮೊದಲೇ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ, ನಿಜ. ಆದರೆ ಈ ನಂಬಿಕೆ ಇರುವವರೆಗೂ ಮಕ್ಕಳು ಕ್ಲಿನಿಕ್ಕಿನ ಬಾಗಿಲವರೆಗೆ ಬಂದು ಏನೂ ಹೇಳದೆ ಹಿಂದಿರುಗುತ್ತಲೇ ಇರುತ್ತಾರೆ. ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ.

ತರಬೇತಿಯ ವಿಷಯ. ನಿಮ್ಮ ಸ್ನೇಹ ಕ್ಲಿನಿಕ್ ನಡೆಯುವುದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ. 2014ರ ಜನವರಿಯಲ್ಲಿ ಶುರುವಾದ ಈ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿ ಇದೆ. ಪೌಷ್ಟಿಕತೆ, ಲೈಂಗಿಕ ಆರೋಗ್ಯ, ಮಾನಸಿಕ ಆರೋಗ್ಯ, ಮಾದಕ ವಸ್ತು, ಹಿಂಸೆ ಮತ್ತು ಗಾಯ, ಬಿಪಿ–ಶುಗರ್‌ನಂಥ ಕಾಯಿಲೆಗಳು, ಈ ಆರೂ ಅದರ ವ್ಯಾಪ್ತಿಯಲ್ಲಿವೆ. ವೈದ್ಯಾಧಿಕಾರಿ, ನರ್ಸ್, ಆಪ್ತಸಮಾಲೋಚಕರು ಮೂವರಿಗೂ ಇದರಡಿ ಪ್ರತ್ಯೇಕ ತರಬೇತಿಗಳಿವೆ. ಇಲಾಖೆಯೇ ಕೊಡುವ ತರಬೇತಿ, ಶುಲ್ಕವಿಲ್ಲ. ಕರೆ ಬರಲಿ ಎಂದು ಕಾಯುತ್ತಾ ಕೂರಬೇಡಿ. ‘ಸ್ನೇಹ ಕ್ಲಿನಿಕ್ ನೋಡಿಕೊಳ್ಳುತ್ತಿದ್ದೇನೆ, ತರಬೇತಿ ಆಗಿಲ್ಲ’ ಎಂದು ಒಂದು ಪತ್ರ ಬರೆದು, ನಿಮ್ಮ ವೈದ್ಯಾಧಿಕಾರಿಯ ಸಹಿ ಹಾಕಿಸಿ, ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಜಿಲ್ಲಾ ಆರ್‌ಸಿಎಚ್ (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ) ಅಧಿಕಾರಿಗೆ ಕಳಿಸಿ. ಪತ್ರ ಕೈಗೆ ಬಂದ ಮೇಲೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದು ಕಡಿಮೆ.

ಇಲಾಖೆಯ ಆಚೆಗೂ ದಾರಿಗಳಿವೆ, ಅದರಲ್ಲೂ ನಮ್ಮ ರಾಜ್ಯದವರಿಗೆ. ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ 2018ರಿಂದ ಆನ್‌ಲೈನ್‌ನಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಡಿಪ್ಲೊಮಾ ನಡೆಸುತ್ತಿದೆ. ವೈದ್ಯರಿಗೆ, ನರ್ಸ್‌ಗಳಿಗೆ, ಮನಃಶಾಸ್ತ್ರಜ್ಞರಿಗೆ, ಸಮಾಜ ಕಾರ್ಯಕರ್ತರಿಗೆ ಬೇರೆ ಬೇರೆ ಕೋರ್ಸುಗಳು, ಕೆಲಸ ಬಿಡದೆ ಮಾಡಬಹುದಾದವು. ಪೂರ್ಣಾವಧಿ ಕಲಿಯುವ ಮನಸ್ಸಿರುವ ನರ್ಸ್‌ಗಳಿಗೆ ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗಾಗಿ ನಿಮ್ಹಾನ್ಸ್‌ನಲ್ಲೇ ‘ಸಂವಾದ್’ ಎಂಬ ಘಟಕವಿದೆ. ಮಕ್ಕಳ ವೈದ್ಯರಾದರೆ ಭಾರತೀಯ ಮಕ್ಕಳ ವೈದ್ಯರ ಸಂಘದ ಹದಿಹರೆಯ ಆರೋಗ್ಯ ವಿಭಾಗದ ಕಾರ್ಯಾಗಾರಗಳನ್ನು ಗಮನಿಸುತ್ತಿರಿ. ಪಿಎಚ್‌ಸಿ ಮಟ್ಟದವರಿಗೆ ಮಾನಸಿಕ ಆರೋಗ್ಯ ಕಲಿಸುವುದು ನಮ್ಮಲ್ಲಿ ಹೊಸದೇನಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಹೀಗೆ ಕಲಿಸಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈ ಮಾತನ್ನು ಪ್ರತಿ ತರಗತಿಯಲ್ಲೂ ಹೆಮ್ಮೆಯಿಂದಲೇ ಹೇಳುತ್ತೇನೆ. ‘ಇದೆಲ್ಲ ದೊಡ್ಡ ಆಸ್ಪತ್ರೆಯವರ ಕೆಲಸ, ನಮ್ಮ ಕೈಲಾಗಲ್ಲ’ ಅನ್ನುವವರಿಗೆ ಬಳ್ಳಾರಿಯೇ ಉತ್ತರ.

ಈಗ ಆ ಹುಳದ ವಿಷಯ.

‘ಸಾಯುವ ಬಗ್ಗೆ ಕೇಳಿದರೆ, ಯೋಚನೆ ಇಲ್ಲದ ಮಗುವಿಗೂ ಯೋಚನೆ ಹುಟ್ಟುತ್ತದೆ.’ ಇದು ಸುಳ್ಳು. ಅರ್ಧ ಸತ್ಯವೂ ಅಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆ ಬಗ್ಗೆ ನೇರ ಪ್ರಶ್ನೆಗಳನ್ನು ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನ ಬಿಟ್ಟು ಎರಡೂ ಗುಂಪುಗಳನ್ನು ಪರೀಕ್ಷಿಸಿದರು. ಕೇಳಿಸಿಕೊಂಡ ಮಕ್ಕಳಲ್ಲಿ ಯೋಚನೆಯೂ ಹೆಚ್ಚಿರಲಿಲ್ಲ, ಸಂಕಟವೂ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆ ಇದ್ದವರು, ಹಿಂದೆ ಪ್ರಯತ್ನ ಮಾಡಿದ್ದವರು ಪ್ರಶ್ನೆ ಕೇಳಿದ ಮೇಲೆ ತುಸು ಹಗುರಾದಂತೆಯೇ ಕಂಡರು. 2005ರಲ್ಲಿ ಪ್ರಕಟವಾದ ಅಧ್ಯಯನ ಇದು. 2014ರಲ್ಲಿ ಇಂಥ 13 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಕೇಳಿದ್ದರಿಂದ ಯೋಚನೆ ಹೆಚ್ಚಿತು ಎಂದು ಅವುಗಳಲ್ಲಿ ಒಂದರಲ್ಲೂ ಸಾಬೀತಾಗಲಿಲ್ಲ.

ಇಷ್ಟು ಹೇಳಿದ ಮೇಲೂ ತರಗತಿಯಲ್ಲಿ ಯಾರಾದರೊಬ್ಬರು ಕೈ ಎತ್ತುತ್ತಾರೆ. ‘ಅದು ಅಮೆರಿಕ ಮೇಡಂ. ನಮ್ಮ ಮಕ್ಕಳು ಮುಗ್ಧರು.’ ನಮ್ಮ ಮಕ್ಕಳ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022 ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಈ ಮಕ್ಕಳ ತಲೆಗೆ ಯೋಚನೆಯನ್ನು ಯಾವ ನರ್ಸ್ ಕೂಡ ತುಂಬಿದ್ದಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ನಿಮ್ಮ ಊರಿನ ಹೈಸ್ಕೂಲಿನ ಹಾಜರಿ ಪುಸ್ತಕ ತೆಗೆದು ಲೆಕ್ಕ ಹಾಕಿ ನೋಡಿ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಇದಕ್ಕೊಂದು ಬೇರಿದೆ, ಅದನ್ನು ತೋರಿಸದೆ ಬರೀ ಸುಳ್ಳು ಎಂದರೆ ಯಾರೂ ಒಪ್ಪುವುದಿಲ್ಲ. ಆತ್ಮಹತ್ಯೆಯನ್ನು ಟೀವಿಯಲ್ಲಿ, ಪೇಪರಿನಲ್ಲಿ ವೈಭವೀಕರಿಸಿದರೆ, ಹೇಗೆ ಮಾಡಿಕೊಂಡರು ಎಂದು ಬಿಡಿಸಿ ಬಿಡಿಸಿ ವರ್ಣಿಸಿದರೆ, ಅದನ್ನು ನೋಡಿ ಇನ್ನೊಬ್ಬರು ಹಾಗೆ ಮಾಡಿಕೊಳ್ಳುವುದುಂಟು. ಇದು ನಿಜ, ಸಂಶೋಧನೆಗಳಲ್ಲಿ ದೃಢಪಟ್ಟದ್ದು. ಜನ ಆ ಎರಡನ್ನೂ ಒಂದೇ ಮಾಡಿಕೊಂಡಿದ್ದಾರೆ. ಸಾವಿರಾರು ಜನರ ಮುಂದೆ ಸಾವಿನ ಕಥೆ ಹೇಳುವುದೇ ಬೇರೆ, ಬಾಗಿಲು ಮುಂದೆ ಮಾಡಿಕೊಂಡು ಒಂದು ಮಗುವಿನ ಪಕ್ಕ ಕೂತು ‘ನಿನಗೆ ಹೇಗನ್ನಿಸ್ತಿದೆ’ ಎಂದು ಕೇಳುವುದೇ ಬೇರೆ. ಮೊದಲನೆಯದರಲ್ಲಿ ಮಗು ಬರೀ ಕೇಳುಗ, ಎರಡನೆಯದರಲ್ಲಿ ಮಾತಾಡುವುದು ಮಗುವೇ.

ನನಗನ್ನಿಸುವ ಮಟ್ಟಿಗೆ ನಿಜವಾದ ಹೆದರಿಕೆ ಇನ್ನೊಂದಿದೆ. ಕೇಳಿ, ಆ ಹುಡುಗಿ ‘ಹೂಂ’ ಅಂದುಬಿಟ್ಟರೆ ಮುಂದೇನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಆ ದಿಗಿಲನ್ನೇ ಮಗುವಿನ ಒಳಿತಿನ ಹೆಸರಿನಲ್ಲಿ ಮುಚ್ಚಿಟ್ಟುಕೊಳ್ಳುತ್ತೇವೆ. ತರಬೇತಿಯಲ್ಲಿ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರನ್ನು ನರ್ಸ್, ಇನ್ನೊಬ್ಬರನ್ನು ಪಿಯುಸಿಯಲ್ಲಿ ಫೇಲಾದ ಹುಡುಗಿ ಮಾಡುತ್ತೇನೆ. ಹುಡುಗಿ ತಲೆ ತಗ್ಗಿಸಿ ಸುಮ್ಮನಾದ ಕೂಡಲೇ ನರ್ಸ್ ಆದವರ ಕೈ ಬಿಪಿ ಪಟ್ಟಿಯ ಕಡೆಗೆ ಹೋಗುತ್ತದೆ. ಗಾಳಿ ತುಂಬುವ ಸದ್ದಾದರೂ ಇರಲಿ, ಆ ಮೌನ ಬೇಡ ಅನ್ನುವ ಹಾಗೆ. ನಾನು ಎದ್ದುಹೋಗಿ ಬಿಪಿ ಮಿಷನ್ನನ್ನು ಅಲ್ಲಿಂದ ತೆಗೆದಿಡುತ್ತೇನೆ. ಮೌನದಲ್ಲಿ ಕೂರುವುದನ್ನು ಕಲಿಯುವುದೇ ಆ ದಿನದ ಅರ್ಧ ಪಾಠ.

ಉಳಿದರ್ಧ, ಪ್ರಶ್ನೆ ಕೇಳುವ ಬಗೆ. ‘ಅಂಥ ಕೆಟ್ಟ ಯೋಚನೆಯೆಲ್ಲ ಏನೂ ಇಲ್ಲ ತಾನೇ?’ ಎಂದು ಕೇಳುವವರೇ ಹೆಚ್ಚು. ‘ಇಲ್ಲ’ ಅನ್ನು, ನನ್ನನ್ನು ಪಾರು ಮಾಡು ಎಂದು ನಾವೇ ಮಗುವನ್ನು ಬೇಡಿಕೊಂಡಂತೆ ಅದು. ಮಗುವೂ ಪಾಪ, ‘ಇಲ್ಲ ಸಿಸ್ಟರ್’ ಅಂದು ಎದ್ದು ಹೋಗುತ್ತದೆ. ಹೀಗೆ ಕೇಳಿ: ‘ಇಷ್ಟೊಂದು ಬೇಜಾರಾದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸಿದ್ದಿದೆಯಾ?’ ಹೌದು ಎಂದರೆ, ‘ಸಾಯಬೇಕು ಅಂತ ಯೋಚನೆ ಬಂದಿದ್ಯಾ? ಹೇಗೆ ಅಂತಲೂ ಯೋಚಿಸಿದ್ಯಾ?’ ದನಿ ಇಳಿಸದೆ, ಕಣ್ಣು ತಪ್ಪಿಸದೆ, ಜ್ವರ ಎಷ್ಟು ದಿನದಿಂದ ಎಂದು ಕೇಳುವಷ್ಟೇ ಸಹಜವಾಗಿ.

‘ಹೂಂ’ ಎಂದರೆ ಮೊದಲು ಮಾಡಬೇಕಾದ್ದು, ಆ ಮಗುವನ್ನು ಒಂಟಿಯಾಗಿ ಬಿಡದಿರುವುದು. ಬುದ್ಧಿವಾದ ಬೇಡ. ‘ಅಪ್ಪ ಅಮ್ಮನ ಮುಖ ನೋಡು’ ಎನ್ನುವುದಂತೂ ಬೇಡವೇ ಬೇಡ, ಅಪ್ಪ ಅಮ್ಮನಿಗೆ ನಾನೇ ಭಾರ ಎಂದುಕೊಂಡು ಬಂದ ಮಗುವಿಗೆ ಆ ಮಾತು ಇನ್ನಷ್ಟು ಭಾರ. ವೈದ್ಯಾಧಿಕಾರಿಯನ್ನು ಕರೆಯಿರಿ. ಮನೆಯ ಒಬ್ಬ ದೊಡ್ಡವರಿಗೆ ತಿಳಿಸಬೇಕು, ಯಾರಿಗೆ ತಿಳಿಸಿದರೆ ಒಳ್ಳೆಯದು ಎಂದು ಮಗುವನ್ನೇ ಕೇಳಿ. ಹೊಲಕ್ಕೆ ಹೊಡೆಯುವ ಔಷಧಿ, ಅಜ್ಜಿಯ ಮಾತ್ರೆಗಳು ಮನೆಯಲ್ಲಿ ಕೈಗೆ ಸಿಗದಂತೆ ಬೀಗದೊಳಗೆ ಹೋಗಲಿ ಎಂದು ಅವರಿಗೆ ಬಿಡಿಸಿ ಹೇಳಿ. ಇದು ಚಿಕ್ಕ ಮಾತಲ್ಲ. ಆ ಒಂದು ಗಳಿಗೆ ಕೈಗೆ ಏನೂ ಸಿಗದೇಹೋದರೆ ಎಷ್ಟೋ ಜೀವ ಉಳಿಯುತ್ತವೆ. ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅಲ್ಲಿಯವರೆಗೆ ಕಾಯುವ ಸ್ಥಿತಿ ಇಲ್ಲದಿದ್ದರೆ ಅವತ್ತೇ ಜಿಲ್ಲಾಸ್ಪತ್ರೆಗೆ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಟ್ಟು ಕಳಿಸುವುದಕ್ಕಿಂತ ನಿಮ್ಮೆದುರೇ ಒಮ್ಮೆ ಫೋನ್ ಹಚ್ಚಿಕೊಡಿ. ಮುಂದಿನ ಭೇಟಿಯ ದಿನ ಗೊತ್ತು ಮಾಡಿ, ಬರದಿದ್ದರೆ ಆಶಾ ಕಾರ್ಯಕರ್ತೆಯನ್ನು ಕಾಯದೆ ನೀವೇ ಫೋನ್ ಮಾಡಿ.

‘ಪೊಲೀಸ್ ಕೇಸಾಗುತ್ತಾ?’ ಎಂದು ಮನೆಯವರು ಹೆದರುತ್ತಾರೆ. ಯೋಚನೆ ಬಂದದ್ದನ್ನು ಹೇಳಿಕೊಂಡರೆ ಯಾವ ಕೇಸೂ ಇಲ್ಲ. ಪ್ರಯತ್ನ ಮಾಡಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ.

ಇನ್ನು, ನೀವು ಕೇಳದೇ ಇರುವ ಒಂದು ಪ್ರಶ್ನೆ. ಕೇಳಬೇಕಿತ್ತು ಎನ್ನಿಸುವುದರಿಂದ ನಾನೇ ಎತ್ತಿಕೊಳ್ಳುತ್ತೇನೆ: ಇಷ್ಟೆಲ್ಲ ಮಾತಾಡುವಾಗ ತಾಯಿ ಎಲ್ಲಿರಬೇಕು?

ನಮ್ಮಲ್ಲಿ ಹುಡುಗಿಯ ಪಕ್ಕದ ಸ್ಟೂಲಿನ ಮೇಲೆ ತಾಯಿ, ಹಿಂದೆ ಚಿಕ್ಕಮ್ಮ, ಬಾಗಿಲಲ್ಲಿ ಮುಂದಿನ ರೋಗಿ. ಕೇಳಿದ ಪ್ರಶ್ನೆಗೆಲ್ಲ ತಾಯಿಯದೇ ಉತ್ತರ. ಹೊರಗೆ ಕಳಿಸಿದರೆ ಅವಮಾನ ಮಾಡಿದಂತೆ ಎಂದು ಹೊಸ ನರ್ಸ್‌ಗಳು ಅಳುಕುತ್ತಾರೆ. ಅಳುಕಬೇಕಿಲ್ಲ. ಮೊದಲು ತಾಯಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಅವರ ಚಿಂತೆಯೂ ಚಿಂತೆಯೇ. ಆಮೇಲೆ, ‘ಅಮ್ಮಾ, ಈ ವಯಸ್ಸಿನ ಎಲ್ಲ ಮಕ್ಕಳ ಹತ್ತಿರಾನೂ ನಾವು ಸ್ವಲ್ಪ ಹೊತ್ತು ಒಬ್ಬರೇ ಇದ್ದಾಗ ಮಾತಾಡ್ತೀವಿ. ನೀವು ಹೊರಗೆ ಕೂತಿರಿ, ಕರೀತೀನಿ’ ಎನ್ನಿ. ‘ಎಲ್ಲ ಮಕ್ಕಳ ಹತ್ತಿರಾನೂ’ ಎಂಬುದನ್ನು ಮರೆಯಬೇಡಿ. ನಿಮ್ಮ ಮಗಳ ಮೇಲೇ ಸಂಶಯ ಎಂಬ ಭಾವನೆ ಬರುವುದಿಲ್ಲ.

ತಾಯಿ ಹೊರಗೆ ಹೋದ ಮೇಲೆ, ಮಗು ಬಾಯಿ ಬಿಡುವ ಮೊದಲೇ ಗುಟ್ಟಿನ ಗಡಿ ಹೇಳಿಬಿಡಿ. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ನಿನ್ನ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ತೊಂದರೆ ಕೊಡ್ತಿದ್ದರೆ ಮಾತ್ರ ಬೇರೆಯವರಿಗೆ ಹೇಳಬೇಕಾಗುತ್ತೆ. ಅದನ್ನೂ ನಿನಗೆ ತಿಳಿಸಿಯೇ ಹೇಳ್ತೀನಿ.’ ಎಲ್ಲ ಕೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ಅದು ಮೋಸ. ಮಾತು ಶುರುಮಾಡುವುದು ಸುಲಭದ ವಿಷಯದಿಂದ: ಮನೆ, ಓದು, ಊಟ, ಆಟ, ಗೆಳೆಯರು. ಚಟ, ದೇಹ, ಪ್ರೀತಿ, ಮನಸ್ಸಿನ ನೋವು ಕೊನೆಗೆ. ಸಿಯಾಟಲ್‌ನಲ್ಲಿ 1970ರ ದಶಕದಲ್ಲಿ ಹುಟ್ಟಿದ ‘ಹೆಡ್ಸ್’ ಎಂಬ ಈ ಕ್ರಮವನ್ನು ನಿಮ್ಮ ತರಬೇತಿಯಲ್ಲೂ ಕಲಿಸುತ್ತಾರೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಬಗ್ಗೆ ಗೊಂದಲ ಇಟ್ಟುಕೊಳ್ಳಬೇಡಿ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 19ನೇ ಸೆಕ್ಷನ್ ಪ್ರಕಾರ ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಈ ಹೆದರಿಕೆಗೇ ಎಷ್ಟೋ ಗರ್ಭಿಣಿ ಹುಡುಗಿಯರು ಆಸ್ಪತ್ರೆಗೆ ಬಾರದೆ ನಾಟಿ ಮದ್ದಿನವರ ಪಾಲಾಗುತ್ತಿದ್ದರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿತು. ಒಪ್ಪಿಗೆಯ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತೆ ಗರ್ಭಪಾತಕ್ಕೆ ಬಂದಾಗ, ಅವಳೂ ಪೋಷಕರೂ ಕೇಳಿಕೊಂಡರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಮಾಹಿತಿ ಕೊಡಲೇಬೇಕು, ಹೆಸರು ಬಿಡಬಹುದು. ನಿಮ್ಮ ವೈದ್ಯಾಧಿಕಾರಿಗೂ ಇದು ಗೊತ್ತಿದೆಯೇ ಎಂದು ಒಮ್ಮೆ ವಿಚಾರಿಸಿ.

ಕಡೆಯದಾಗಿ ಓಪಿ ಚೀಟಿ. ಮಗು ಗುಟ್ಟಾಗಿ ಹೇಳಿದ್ದನ್ನು ಅದರ ಮೇಲೆ ಬರೆಯಬೇಡಿ. ಆ ಚೀಟಿ ಔಷಧಿ ಕೌಂಟರಿನಲ್ಲಿ ನಾಲ್ಕು ಜನರ ಎದುರು ಬಿಚ್ಚಿಕೊಳ್ಳುತ್ತದೆ, ಆಮೇಲೆ ತಾಯಿಯ ಪರ್ಸಿಗೆ ಸೇರುತ್ತದೆ. ಚೀಟಿಯಲ್ಲಿ ಮಾತ್ರೆ ಮತ್ತು ಮುಂದಿನ ತಾರೀಖು ಇದ್ದರೆ ಸಾಕು. ಉಳಿದದ್ದು ಸ್ನೇಹ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿರಲಿ, ರಿಜಿಸ್ಟರ್ ಬೀರುವಿನಲ್ಲಿರಲಿ, ಬೀರುವಿನ ಕೀಲಿ ನಿಮ್ಮ ಹತ್ತಿರ ಇರಲಿ.